ಒಂದು ತಗಡಿನ ಶಾಲೆ

ತಾದೆಯೊ ಲುಪೆಂಬೆ ನನಗೆ ಕೂಡುವ ಕಳೆಯುವ ಲೆಕ್ಕ ಕಲಿಸಿದ ಮೇಷ್ಟ್ರು. ಆಮೇಲೆ ಅವರು ಇಪ್ಪತ್ತೇಳು ವರ್ಷ ನಮ್ಮ ದೇಶವನ್ನು ಆಳಿದರು. ಹೊರಗಿನಿಂದ ಬಂದವರೆಲ್ಲ ಆ ಇಪ್ಪತ್ತೇಳು ವರ್ಷದ ವಿಷಯವನ್ನೇ ಕೇಳುತ್ತಾರೆ. ನಾನು ಹೇಳುವುದಾದರೆ ಶಾಲೆಯಿಂದಲೇ ಹೇಳಬೇಕು. ಯಾಕೆಂದರೆ ನಮ್ಮ ಊರಿನ ಮಟ್ಟಿಗೆ ಅವರು ಅಧ್ಯಕ್ಷರಾಗಿದ್ದದ್ದು ಶಾಲೆ ಕಟ್ಟುವುದರ ನಡುವೆ ಬಂದ ಒಂದು ಅಡಚಣೆ, ಅಷ್ಟೆ.

ನಮ್ಮ ಊರಿನಲ್ಲಿ ಒಬ್ಬರು ಕೈ ಹಚ್ಚಿದ ಕೆಲಸವನ್ನು ಇನ್ನೊಬ್ಬರು ಮುಗಿಸಲು ಆಗುವುದಿಲ್ಲ. ಎಷ್ಟು ಜನ ಬೇಕಾದರೂ ಜೊತೆಗೆ ನಿಂತು ಕೈಜೋಡಿಸಬಹುದು. ಆದರೆ ಶುರುಮಾಡಿದವರು ಅಲ್ಲಿರಬೇಕು, ಅವರ ಕೈಯೂ ಅದರಲ್ಲಿರಬೇಕು. ಇಲ್ಲದಿದ್ದರೆ ಇವತ್ತು ಹೊಡೆದ ಮೊಳೆ ನಾಳೆ ಬೆಳಿಗ್ಗೆ ನೆಲದ ಮೇಲೆ ಬಿದ್ದಿರುತ್ತದೆ, ಹಾಕಿದ ಹೊಲಿಗೆ ಬಿಟ್ಟಿರುತ್ತದೆ, ಕಟ್ಟಿದ ಗೋಡೆ ಒಂದೊಂದೇ ಇಟ್ಟಿಗೆಯಾಗಿ ಕೆಳಗಿಳಿದು ಕೂತಿರುತ್ತದೆ. ಅರ್ಧ ಆದದ್ದನ್ನು ಕೆಡವುವುದಕ್ಕೂ ಅದೇ ಕೈ ಬೇಕು. ಇದರ ಜೊತೆ ಬದುಕುವುದು ಅಂಥ ಕಷ್ಟವೇನಲ್ಲ. ಒಲೆ ಹಚ್ಚಿದವಳೇ ಗಡಿಗೆ ಇಳಿಸುತ್ತಾಳೆ. ಬಿತ್ತಿದವನೇ ಕೊಯ್ಲಿಗೂ ನಿಲ್ಲುತ್ತಾನೆ. ದರ್ಜಿಗೆ ಜ್ವರ ಬಂದರೆ ಒಂದು ತೋಳಿನ ಅಂಗಿ ಹಾಕಿಕೊಂಡು ಕಾಯುತ್ತೇವೆ. ಬಂದ ನೆಂಟರು ಸುಮ್ಮನಿರಲಾರದೆ ಚಾಪೆ ಹೆಣೆಯಲು ಕೂತರೆ, ‘ಎಷ್ಟು ದಿನ ಇರ್ತೀರಿ?’ ಎಂದು ಕೇಳುವುದು ನಮ್ಮಲ್ಲಿ ಒರಟುತನವಲ್ಲ. ಹೆಣ್ಣು ಕೊಡುವವರು ಮೊದಲು ಹುಡುಗನ ಹಿತ್ತಲಿಗೆ ಹೋಗಿ, ಅಲ್ಲಿ ಅರ್ಧಕ್ಕೆ ನಿಂತದ್ದು ಏನೇನಿದೆ ಎಂದು ನೋಡಿ ಬರುತ್ತಾರೆ. ಅರವತ್ತು ದಾಟಿದವರು ಒಂದು ದಿನದಲ್ಲಿ ಮುಗಿಯದ ಕೆಲಸಕ್ಕೆ ಕೈ ಹಾಕುವುದಿಲ್ಲ. ಹಾಗಿದ್ದೂ ಸತ್ತವರು ಬಿಟ್ಟುಹೋದ ಅರೆಗೋಡೆಗಳು ಊರ ತುಂಬ ಇವೆ. ಆಡುಗಳಿಗೆ ಅವುಗಳ ನೆರಳು ಇಷ್ಟ.

ಪರದೇಶದವರು ನಮ್ಮನ್ನು ಆಳುತ್ತಿದ್ದ ಕಾಲದಲ್ಲಿ ಲುಪೆಂಬೆ ನಮ್ಮ ಊರಿಗೆ ಮೇಷ್ಟ್ರಾಗಿ ಬಂದರು. ಆಗ ಅವರಿಗೆ ಇಪ್ಪತ್ಮೂರು ವರ್ಷ. ತೆಳ್ಳನೆಯ ಆಳು, ದೊಡ್ಡ ದನಿ. ಮಾವಿನಮರದ ಕೆಳಗೆ ನಡೆಯುತ್ತಿದ್ದ ಶಾಲೆಗೆ ಕಟ್ಟಡ ಬೇಕು ಎಂದು ಹಠ ಹಿಡಿದವರು ಅವರೇ. ಹಿರಿಯರು ಕರೆದು ಕೂರಿಸಿಕೊಂಡು, ‘ಮೇಷ್ಟ್ರೇ, ಮೊದಲ ಇಟ್ಟಿಗೆ ನೀವು ಇಟ್ರೆ ಕೊನೇದೂ ನೀವೇ ಇಡಬೇಕು. ಮುಗಿಸ್ತೀರಾ?’ ಎಂದು ಕೇಳಿದರಂತೆ. ‘ಮುಗಿಸದೆ ಎಲ್ಲಿಗೆ ಹೋಗ್ಲಿ?’ ಎಂದರಂತೆ ಅವರು. ನನ್ನ ಅಣ್ಣ ಗಸ್ಪಾರೊ ಆಗತಾನೇ ಓದು ಮುಗಿಸಿ ಅವರ ಕೈಕೆಳಗೆ ಎರಡನೆಯ ಮೇಷ್ಟ್ರಾಗಿದ್ದ. ಇಬ್ಬರೂ ಸೇರಿ ಊರವರನ್ನು ಕಟ್ಟಿಕೊಂಡು ಇಟ್ಟಿಗೆ ಸುಟ್ಟರು, ಮೂರು ವರ್ಷದಲ್ಲಿ ನಾಲ್ಕು ಕೋಣೆಗಳ ಗೋಡೆ ಎಬ್ಬಿಸಿದರು, ಬಾಗಿಲು ಕಿಟಕಿ ಕೂರಿಸಿದರು. ಉಳಿದದ್ದು ಸೂರು. ತೊಲೆಗಳನ್ನು ಕಡಿದು ಒಣಗಲು ಹಾಕಿದ್ದರು.

ಆ ವಾರ ಜಿಲ್ಲಾ ಕೇಂದ್ರದಲ್ಲಿ ಮೇಷ್ಟ್ರುಗಳ ಸಭೆ ಇತ್ತು. ಲುಪೆಂಬೆ ಸೈಕಲ್ ಹತ್ತಿ ಹೊರಟರು. ‘ಭಾನುವಾರ ಬಂದ್ಬಿಡ್ತೀನಿ ಗಸ್ಪಾರೊ, ಏಣಿ ತಂದಿಟ್ಟಿರು’ ಎಂದದ್ದು ನಾನೇ ಕೇಳಿದ ಮಾತು. ನನಗಾಗ ಹನ್ನೊಂದು ವರ್ಷ. ಸಭೆಯಲ್ಲಿ ಪೊಲೀಸರು ಲಾಠಿ ಬೀಸಿದಾಗ ಎಲ್ಲರೂ ಓಡಿದರು, ಅವರೊಬ್ಬರು ಮೇಜು ಹತ್ತಿ ಮಾತಾಡಿದರು. ನಾಲ್ಕು ವರ್ಷ ಸೆರೆಮನೆ. ಹೊರಗೆ ಬರುವಷ್ಟರಲ್ಲಿ ದೇಶದ ಅರ್ಧ ಮಕ್ಕಳಿಗೆ ಅವರ ಹೆಸರಿಟ್ಟಿದ್ದರು. ಆಮೇಲೆ ಬಾವುಟ ಬದಲಾಯಿತು. ಲುಪೆಂಬೆ ವಿದ್ಯಾಮಂತ್ರಿಯಾದರು. ಮೊದಲ ಅಧ್ಯಕ್ಷರು ಕಾಯಿಲೆಯಿಂದ ತೀರಿಕೊಂಡಾಗ ಮೂವತ್ತಾರನೆಯ ವಯಸ್ಸಿಗೆ ಅಧ್ಯಕ್ಷರೂ ಆದರು.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮೊದಲ ಏಳೆಂಟು ವರ್ಷ ಅವರು ಒಳ್ಳೆಯ ಕೆಲಸ ಮಾಡಿದರು. ಮೈಲಿ ಬೇನೆಗೆ ಚುಚ್ಚುಮದ್ದು ನಮ್ಮ ಊರಿನವರೆಗೂ ಬಂತು. ಜಿಲ್ಲೆಗೊಂದು ಹೆಣ್ಣುಮಕ್ಕಳ ಶಾಲೆಯನ್ನಂತೂ ವಿದ್ಯಾಮಂತ್ರಿಯಾಗಿದ್ದಾಗಲೇ ತೆರೆದಿದ್ದರು. ನಾನು ಓದಿ ಟೀಚರಾದದ್ದು ಅಂಥ ಒಂದು ಶಾಲೆಯಿಂದಲೇ. ಓದು ಮುಗಿಸಿ ಊರಿಗೆ ಬಂದು, ಅಣ್ಣ ಹೆಡ್‌ಮಾಸ್ಟರಾಗಿದ್ದ ಸೂರಿಲ್ಲದ ಶಾಲೆಯಲ್ಲಿ ಪಾಠ ಹೇಳಲು ನಿಂತೆ. ಬಿಸಿಲಿಗೆ ಮಕ್ಕಳು ಗೋಡೆಯ ನೆರಳು ಸರಿದ ಹಾಗೆ ಸರಿದು ಕೂರುತ್ತಿದ್ದರು. ಮಳೆಗಾಲದ ನಾಲ್ಕು ತಿಂಗಳು ಶಾಲೆಯೇ ಇಲ್ಲ. ಏಳನೆಯ ಕ್ಲಾಸಿನ ಸರಕಾರಿ ಪರೀಕ್ಷೆಗೆ ನಮ್ಮ ಊರಿನ ಮಕ್ಕಳು ಹೋಗುವುದೂ ಸೋತು ಬರುವುದೂ ವಾಡಿಕೆಯಾಗಿತ್ತು.

ಸರಕಾರ ಕೈ ಕಟ್ಟಿ ಕೂತಿತ್ತೆಂದಲ್ಲ. ಎರಡು ಸಲ ಇಲಾಖೆಯವರು ಲಾರಿಯಲ್ಲಿ ತಗಡು ತಂದು ಹೊದಿಸಿದರು. ಎರಡು ಸಲವೂ ಬೆಳಗಾಗುವುದರೊಳಗೆ ತಗಡುಗಳೆಲ್ಲ ಜಾರಿ ಬಂದು ಗೋಡೆಗೆ ಒರಗಿ ನಿಂತಿದ್ದವು. ಬೇರೆ ಶಾಲೆಯನ್ನೇ ಕಟ್ಟೋಣವೆಂದು ಒಬ್ಬ ಗುತ್ತಿಗೆದಾರನನ್ನು ಕಳಿಸಿದರು. ನಾಲ್ಕು ಕಂಬ ಎದ್ದವು. ಅಷ್ಟರಲ್ಲಿ ರಾಜಧಾನಿಯಲ್ಲಿ ಮಂತ್ರಿ ಬದಲಾದ, ಹಳೆಯ ಮಂತ್ರಿಯ ಜೊತೆ ಗುತ್ತಿಗೆದಾರನೂ ಜೈಲು ಸೇರಿದ. ಆ ಕಂಬಗಳು ಈಗಲೂ ಇವೆ. ಅದಾದ ಮೇಲೆ ಊರವರು, ಸರಕಾರದ ಕಡೆಯವರು ಯಾರೇ ಬಂದರೂ ನೆಲಕ್ಕೆ ಗುದ್ದಲಿ ಹಾಕಲು ಬಿಡಲಿಲ್ಲ. ‘ಇವರಿಗೆ ವರ್ಗ ಆಗೋದು ಇದ್ದೇ ಇದೆ’ ಎಂದರು. ತಾವೇ ಇನ್ನೊಂದು ಶಾಲೆ ಕಟ್ಟುವಷ್ಟು ಹಣ ಊರಿನಲ್ಲಿರಲಿಲ್ಲ.

ಅಧ್ಯಕ್ಷರಾದ ಐದನೆಯ ವರ್ಷ ಅವರು ಖುದ್ದಾಗಿ ಬಂದರು, ಹೆಲಿಕಾಪ್ಟರಿನಲ್ಲಿ. ಜೊತೆಗೆ ಫೋಟೋದವರು, ಬ್ಯಾಂಡಿನವರು. ಕೋಟು ಕಳಚಿ ಏಣಿ ಹತ್ತಿ, ಒಂದನೆಯ ಕ್ಲಾಸಿನ ಮೂಲೆಗೆ ಎರಡು ತುಂಡು ತೊಲೆ ಅಡ್ಡ ಹಾಕಿ, ಮೇಲೆ ಒಂದು ತಗಡು ಇಟ್ಟು, ಎಂಟು ಮೊಳೆ ಹೊಡೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯ ತಗಡಿಗೆ ಅಣ್ಣ ಕೈ ಹಾಕುವಷ್ಟರಲ್ಲಿ ಯಾರೋ ಗಡಿಯಾರ ತೋರಿಸಿದರು. ‘ಮುಂದಿನ ತಿಂಗಳು ಬಂದು ಪೂರ್ತಿ ಮಾಡಿಬಿಡೋಣ ಗಸ್ಪಾರೊ’ ಎಂದು ಅಣ್ಣನ ಬೆನ್ನು ತಟ್ಟಿ ಹೋದರು. ಆ ಒಂದು ತಗಡು ಮಾತ್ರ ಗಟ್ಟಿಯಾಗಿ ನಿಂತಿತು, ಎಂಥ ಗಾಳಿಗೂ ಅಲ್ಲಾಡಲಿಲ್ಲ. ಅದರ ಕೆಳಗೆ ಹನ್ನೊಂದು ಸಣ್ಣ ಮಕ್ಕಳು ಕೂರಬಹುದಿತ್ತು. ಮಳೆ ಬಂದರೆ ಮೊದಲು ಚಿಕ್ಕವರು, ಜ್ವರ ಬಂದು ಎದ್ದವರು, ಆಮೇಲೆ ಪುಸ್ತಕಗಳು ಎಂದು ನಾವೊಂದು ಕ್ರಮ ಮಾಡಿಕೊಂಡೆವು. ಊರಿಗೆ ಊರೇ ಅದನ್ನು ‘ಒಂದು ತಗಡಿನ ಶಾಲೆ’ ಎನ್ನತೊಡಗಿತು.

ಮುಂದಿನ ತಿಂಗಳು ಬರಲಿಲ್ಲ. ಅದರ ಬದಲು ಅವರ ಚಿತ್ರ ಬಂತು, ಪ್ರತಿ ಅಂಗಡಿಯಲ್ಲೂ ತೂಗುಹಾಕಬೇಕೆಂಬ ಆಜ್ಞೆಯ ಜೊತೆ. ಆಮೇಲೆ ಬೇರೆ ಪಕ್ಷಗಳು ಇಲ್ಲವಾದವು. ಅಧ್ಯಕ್ಷರ ಅವಧಿ ಐದು ವರ್ಷದಿಂದ ಹತ್ತಾಯಿತು, ಹತ್ತರಿಂದ ‘ದೇಶಕ್ಕೆ ಅಗತ್ಯವಿರುವವರೆಗೆ’ ಎಂದಾಯಿತು. ಸಂತೆಯಲ್ಲಿ ಜನ ಅವರ ಹೆಸರು ಹೇಳುವುದನ್ನು ಬಿಟ್ಟು, ಹೇಳಲೇಬೇಕಾದರೆ ಗದ್ದ ಮೇಲೆತ್ತಿ ಆಕಾಶ ತೋರಿಸುತ್ತಿದ್ದರು.

ಅವರು ಅಧಿಕಾರಕ್ಕೆ ಬಂದ ಹನ್ನೊಂದನೆಯ ವರ್ಷ ಅಣ್ಣ ಅವರಿಗೊಂದು ಕಾಗದ ಬರೆದ. ಬರೆಯುವಾಗ ನಾನು ಪಕ್ಕದಲ್ಲೇ ಇದ್ದೆ. ‘ಪ್ರಿಯ ಮೇಷ್ಟ್ರೇ, ನೀವು ಶುರುಮಾಡಿದ್ದನ್ನು ನೀವೇ ಮುಗಿಸಬೇಕು. ಮಳೆಗಾಲಕ್ಕೆ ಮುಂಚೆ ಬನ್ನಿ. ಸೂರಿಲ್ಲದೆ ಜನ ಬಹಳ ದಿನ ಸಹಿಸಲಾರರು. ಏಣಿ ಸಿದ್ಧವಿದೆ, ಊರವರೂ ಸಿದ್ಧರಿದ್ದೇವೆ.’ ಅಷ್ಟೇ. ಮೂರು ವಾರದ ನಂತರ ಜೀಪು ಬಂತು. ಅಣ್ಣ ಆಗ ಅವ್ವನಿಗೆಂದು ಹಗ್ಗದ ಮಂಚ ಹೆಣೆಯುತ್ತಿದ್ದ, ಅರ್ಧ ಹೆಣೆದಿದ್ದ. ‘ಎಲ್ಲಿಗೆ ಕರ್ಕೊಂಡ್ಹೋಗ್ತೀರಿ? ಮಂಚ ಹೀಗೇ ಬಿಟ್ಟು ಹೋಗೋಕಾಗಲ್ಲ’ ಎಂದ. ‘ಎರಡು ಪ್ರಶ್ನೆ ಕೇಳಿ ಕಳಿಸ್ತೀವಿ’ ಎಂದರು. ಮೂರು ವರ್ಷದ ನಂತರ ಒಂದು ಚೀಟಿ ಬಂತು. ನ್ಯುಮೋನಿಯಾದಿಂದ ತೀರಿಕೊಂಡ ಎಂದು ಬರೆದಿತ್ತು. ದೇಹ ಕೊಡಲಿಲ್ಲ. ಅವ್ವ ತಾನು ಸಾಯುವವರೆಗೆ ಆ ಮಂಚದ ಹೆಣೆದ ಅರ್ಧದಲ್ಲೇ ಮುದುಡಿಕೊಂಡು ಮಲಗಿದಳು. ಬೇರೆ ಮಂಚ ಮಾಡಿಸುತ್ತೇನೆಂದರೆ ಒಪ್ಪಲಿಲ್ಲ.

ನಾನು ಹೆಡ್‌ಮಿಸ್ಟ್ರೆಸ್ ಆದೆ. ಮದುವೆಯಾಗಲಿಲ್ಲ. ಕಾರಣ ದೊಡ್ಡದೇನಲ್ಲ, ಜೈಲಿಗೆ ಹೋದವನ ತಂಗಿಯನ್ನು ಕೇಳಿಕೊಂಡು ಬರುವ ಧೈರ್ಯ ಯಾರಿಗೂ ಇರಲಿಲ್ಲ.

ಆಳ್ವಿಕೆಯ ಇಪ್ಪತ್ತೇಳನೆಯ ವರ್ಷ ಲುಪೆಂಬೆ ಹೊರದೇಶಗಳ ಒತ್ತಾಯಕ್ಕೋ ಸ್ವಂತ ಧೈರ್ಯಕ್ಕೋ ಚುನಾವಣೆ ಇಟ್ಟರು. ಸೋತರು. ಅವರು ಸೋಲುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ, ಗೆದ್ದವರೂ ಅಂದುಕೊಂಡಿರಲಿಲ್ಲ. ಹೊಸ ಸರಕಾರ ಅರಮನೆ ಬಿಡಿಸಿ, ‘ಎಲ್ಲಾದರೂ ಒಂದು ಊರಿನಲ್ಲಿ ಇರಿ, ವಿಚಾರಣೆಗೆ ಕರೆದಾಗ ಬನ್ನಿ’ ಎಂದಿತು. ಅವರು ಹುಟ್ಟಿದ ಹಳ್ಳಿಯವರು ಅವರ ಮನೆಗೆ ಆಗಲೇ ಬೆಂಕಿ ಇಟ್ಟಿದ್ದರು. ಇನ್ನೂ ನಾಲ್ಕೈದು ಊರುಗಳು ಬೇಡವೆಂದವಂತೆ. ಕೊನೆಗೆ ನಮ್ಮ ಊರಿಗೆ ಕಾಗದ ಬಂತು.

ನಮ್ಮ ಊರಿನ ಹಿರಿಯನಾಗಿ ಆಗ ಇದ್ದವನು ಕಮ್ಮಾರ ಉಂಬೆರೊ. ಸಭೆ ಸೇರಿಸಿದ. ಯಾರೂ ಬಹಳ ಮಾತಾಡಲಿಲ್ಲ. ‘ಬರ್ಲಿ. ಬಂದು ಸೂರು ಹಾಕ್ಲಿ. ಆಮೇಲೆ ಏನಾದ್ರೂ ಆಗ್ಲಿ’ ಎಂದ ಉಂಬೆರೊ. ಆಮೇಲೆ ನನ್ನ ಕಡೆ ತಿರುಗಿ, ‘ಫೆಲಿಸ್ತಾ, ನೀನು ಬೇಡ ಅಂದ್ರೆ ಬೇಡ’ ಎಂದ. ಎಲ್ಲರೂ ನನ್ನ ಮುಖ ನೋಡಿದರು. ಅವರಲ್ಲಿ ಎಷ್ಟೋ ಜನ ನನ್ನ ಶಾಲೆಯಲ್ಲಿ ಮಳೆಯಲ್ಲಿ ತೊಯ್ದವರು, ಈಗ ಅವರ ಮಕ್ಕಳು ತೊಯ್ಯುತ್ತಿದ್ದರು. ‘ನನ್ನ ಮನೆಗೆ ಬರೋದು ಬೇಡ. ಶಾಲೆಗೆ ಬರ್ಲಿ’ ಎಂದೆ.

ಸೈಕಲ್ ಹತ್ತಿ ಹೋದ ಮೂವತ್ತೇಳು ವರ್ಷದ ಮೇಲೆ ಲುಪೆಂಬೆ ಬಸ್ಸಿನಲ್ಲಿ ಬಂದಿಳಿದರು. ಅರವತ್ಮೂರು ವರ್ಷ, ಊದಿದ ಮಂಡಿಗಳು, ಕೈಯಲ್ಲಿ ಕೋಲು. ದನಿ ಮಾತ್ರ ಅದೇ. ಉಂಬೆರೊ ತನ್ನ ಹಿತ್ತಲಿನ ಕೋಣೆ ಬಿಟ್ಟುಕೊಟ್ಟ. ಸರದಿಯ ಮೇಲೆ ಒಂದೊಂದು ಮನೆಯಿಂದ ಜೋಳದ ಮುದ್ದೆ, ಒಣಮೀನಿನ ಸಾರು ಹೋಗುತ್ತಿತ್ತು. ಮೊದಲ ವಾರ ಅವರು ವಿಶ್ರಾಂತಿ ಎಂದರು. ಎರಡನೆಯ ವಾರ ಹಳೆಯ ತೊಲೆಗಳಿಗೆ ಹುಳು ಬಿದ್ದಿದೆ, ಹೊಸದು ಕಡಿಯಬೇಕು ಎಂದರು. ಸರಿ, ಕಡಿದೆವು. ಮೂರನೆಯ ವಾರ ಮರ ಒಣಗಬೇಕು ಎಂದರು. ನಾಲ್ಕನೆಯ ವಾರ ನಾಲ್ಕು ಜನ ಅವರನ್ನು ಹಿಡಿದು ಏಣಿ ಹತ್ತಿಸಿದರು. ಒಂದು ತೊಲೆ ಕೂರಿಸಿ ಇಳಿದು, ಮಂಡಿ ಹಿಡಿದುಕೊಂಡು, ‘ಇನ್ನು ನಾಡಿದ್ದು’ ಎಂದರು. ನಾಡಿದ್ದು ಮತ್ತೊಂದು ತೊಲೆ. ಸಂಜೆ ಹೊತ್ತು ಮಾವಿನಮರದ ಕೆಳಗೆ ಜನ ಸೇರುತ್ತಿದ್ದರು. ಅವರು ಜೈಲಿನ ಕಥೆ, ಬಾವುಟ ಏರಿಸಿದ ದಿನದ ಕಥೆ, ರಾಣಿಯೊಬ್ಬಳ ಜೊತೆ ಊಟ ಮಾಡಿದ ಕಥೆ ಹೇಳುತ್ತಿದ್ದರು. ಜನ ನಗುತ್ತಿದ್ದರು. ನಾನು ಶಾಲೆಯ ಕಿಟಕಿಯಿಂದ ನೋಡುತ್ತಿದ್ದೆ. ಎರಡು ತಿಂಗಳಲ್ಲಿ ತೊಲೆಗಳೇ ಮುಗಿದಿರಲಿಲ್ಲ, ಮಳೆಗೆ ಐದು ವಾರ ಉಳಿದಿತ್ತು.

ಮಂಡಿನೋವು ಸುಳ್ಳಲ್ಲ. ಆದರೆ ವಿಷಯ ಮಂಡಿಯದಲ್ಲ ಎಂದು ನನಗೆ ಗೊತ್ತಾಗಿತ್ತು. ಸೂರು ಮುಗಿಯುವವರೆಗೆ ಊರಿಗೆ ಅವರು ಬೇಕು. ಮುಗಿದ ಮರುದಿನ ಯಾರು ಬಂದು ಕೈಹಿಡಿದು ಎಳೆದೊಯ್ದರೂ ಅಡ್ಡ ನಿಲ್ಲುವವರು ಯಾರು? ಇಡೀ ದೇಶವನ್ನು ಹೀಗೇ ‘ಇನ್ನು ನಾಡಿದ್ದು’ ಎಂದು ಇಪ್ಪತ್ತೇಳು ವರ್ಷ ನಡೆಸಿದ ಮನುಷ್ಯನಿಗೆ ಒಂದು ಶಾಲೆಯನ್ನು ಸಾಯುವವರೆಗೆ ಎಳೆಯುವುದು ಯಾವ ದೊಡ್ಡ ಮಾತು!

ಅಂಥ ಹೊತ್ತಿನಲ್ಲೇ ರಾಜಧಾನಿಯಿಂದ ಕಾರು ಬಂತು. ಇಳಿದವಳು ಇಮಾನಿ ತೊರೊಕ ಎಂಬ ಹುಡುಗಿ, ಮೂವತ್ತು ವರ್ಷವಿರಬಹುದು. ಜೈಲಿನಲ್ಲಿ ಸತ್ತವರ ವಿಚಾರಣೆಗೆ ಹೊಸ ಸರಕಾರ ಒಂದು ಆಯೋಗ ಮಾಡಿತ್ತು, ಅದರ ಅಧಿಕಾರಿ. ನೇರ ನನ್ನ ಕೋಣೆಗೆ ಬಂದಳು. ಕಡತದಲ್ಲಿ ಇನ್ನೂರ ಹನ್ನೆರಡು ಹೆಸರು. ನೂರ ನಲವತ್ತನೆಯದು ಗಸ್ಪಾರೊ.

‘ಲುಪೆಂಬೆ ಅವರನ್ನ ಇವತ್ತೇ ಕರ್ಕೊಂಡ್ಹೋಗ್ತೀನಿ ಮೇಡಂ. ನೀವೂ ಸಾಕ್ಷಿಗೆ ಬರ್ಬೇಕು’ ಎಂದಳು.

ಹದಿಮೂರು ವರ್ಷ ನಾನು ಕಾದದ್ದು ಇದೇ ಮಾತಿಗೆ. ಅಣ್ಣನನ್ನು ಯಾಕೆ ಹಿಡಿದಿರಿ, ಹೇಗೆ ಸತ್ತ ಎಂದು ಯಾರಾದರೂ ಆ ಮನುಷ್ಯನನ್ನು ನಿಲ್ಲಿಸಿ ಕೇಳಬೇಕು. ಹೊರಗೆ ನೂರ ಅರವತ್ತು ಮಕ್ಕಳು ಗೋಡೆಯ ನೆರಳಿನಲ್ಲಿ ಮಗ್ಗಿ ಹೇಳುತ್ತಿದ್ದರು. ಲುಪೆಂಬೆಯವರನ್ನು ಕರೆದೊಯ್ದರೆ ಸೂರು ಎಂದೆಂದಿಗೂ ಇಲ್ಲ. ಇಮಾನಿ ನೀರು ತಂದುಕೊಟ್ಟಳು.

‘ನಿಮ್ಮ ಆಯೋಗ ಎಷ್ಟು ದಿನ ಕಾಯತ್ತೆ?’ ಎಂದು ಕೇಳಿದೆ.

‘ಯಾಕೆ?’

ಹೇಳಿದೆ. ಅವಳು ರಾಜಧಾನಿಯವಳು, ನಮ್ಮ ಊರಿನ ವಿಷಯ ನಂಬಲಿಲ್ಲ. ಉಂಬೆರೊ ಅವಳನ್ನು ಕರೆದುಕೊಂಡು ಹೋಗಿ, ಅವಳ ಡ್ರೈವರಿನ ಕೈಯಲ್ಲೇ ತೊಲೆಗೆ ಒಂದು ಮೊಳೆ ಹೊಡೆಸಿದ. ಬೆಳಿಗ್ಗೆ ಅವಳೇ ಹೋಗಿ ಮೊಳೆಯನ್ನು ನೆಲದಿಂದ ಎತ್ತಿಕೊಂಡು ಬಂದಳು. ‘ಹತ್ತು ದಿನ. ಅದಕ್ಕಿಂತ ಒಂದು ದಿನ ಜಾಸ್ತಿ ಆದ್ರೂ ನನ್ನ ಕೆಲಸ ಹೋಗತ್ತೆ’ ಎಂದು ಹೇಳಿ, ಜಿಲ್ಲಾ ಕೇಂದ್ರದಲ್ಲಿ ಉಳಿಯಲು ಹೋದಳು.

ಹತ್ತು ದಿನದ ಸುದ್ದಿ ಕೇಳಿದ ಲುಪೆಂಬೆ ಹಾಸಿಗೆ ಹಿಡಿದರು. ಒಂದು ದಿನ ಹೋಯಿತು. ಎರಡನೆಯ ದಿನ ಶಾಲೆ ಬಿಟ್ಟ ಮೇಲೆ ನಾನು ಉಂಬೆರೊವಿನ ಹಿತ್ತಲಿಗೆ ಹೋದೆ. ಅವರು ಬಂದಮೇಲೆ ನಾನು ಅವರ ಎದುರು ನಿಂತದ್ದು ಅದೇ ಮೊದಲು. ಮಂಡಿಗೆ ಬಿಸಿ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿದ್ದರು.

‘ಬಾ ಫೆಲಿಸ್ತಾ. ನೀನು ಬರ್ತೀಯ ಅಂತ ಗೊತ್ತಿತ್ತು’ ಎಂದರು. ಆಮೇಲೆ, ‘ಒಂದು ಮಾತಾಡ್ಕೊಳ್ಳೋಣ. ನಾನು ಸೂರು ಮುಗಿಸ್ತೀನಿ. ನೀನು ಆಯೋಗದ ಮುಂದೆ ಬಂದು ನಿಲ್ಲಬೇಡ. ಉಳಿದವರು ಏನು ಬೇಕಾದ್ರೂ ಹೇಳ್ಕೊಳ್ಳಿ. ನನ್ನ ಶಿಷ್ಯೆ ನೀನು, ನೀನು ಹೇಳಿದ್ದನ್ನ ಜನ ನಂಬ್ತಾರೆ.’

‘ನಾನು ಯಾವ ಮಾತೂ ಕೊಡಲ್ಲ ಮೇಷ್ಟ್ರೇ. ನೀವು ಮುಗಿಸಿದ್ರೂ ಹೇಳ್ತೀನಿ, ಮುಗಿಸ್ದಿದ್ರೂ ಹೇಳ್ತೀನಿ.’

‘ಹಾಗಾದ್ರೆ ನಾನ್ಯಾಕೆ ಏಣಿ ಹತ್ತಲಿ?’

ನಾನು ಹೊರಡಲು ತಿರುಗಿದೆ. ಅವರೇ ಮುಂದುವರಿಸಿದರು. ‘ನಿನ್ನ ಅಣ್ಣ ನನಗೆ ತಮ್ಮನಿದ್ದ ಹಾಗೆ. ಅವನು ಅವರ ಜೊತೆ ಸೇರ್ಕೊಳ್ತಾನೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ.’

‘ಯಾರ ಜೊತೆ?’

‘ಆ ವರ್ಷ ಸೈನ್ಯದಲ್ಲಿ ದಂಗೆ ಏಳಿಸ್ತಿದ್ದವರ ಜೊತೆ. ಅವನ ಕಾಗದ ಓದಿದ್ದೀನಿ ನಾನು, ನನ್ನ ಕಣ್ಣಾರೆ. ಮಳೆಗಾಲಕ್ಕೆ ಮುಂಚೆ ಅಂದ್ರೆ ದಿನ ಗೊತ್ತುಮಾಡಿದ್ರು. ಜನ ಸಹಿಸಲ್ಲ ಅಂತ ಬರ್ದಿದ್ದ. ಏಣಿ ಸಿದ್ಧವಾಗಿದೆ ಅಂತ ಬರ್ದಿದ್ದ. ಅರಮನೆ ಗೋಡೆ ಹತ್ತೋ ಏಣಿ. ನನ್ನ ಕಡೆಯವರು ಒಂದೊಂದು ಪದಾನೂ ಬಿಡಿಸಿ ಅರ್ಥ ಹೇಳಿದ್ರು. ಸೂರು ಅಂದ್ರೆ ಸರಕಾರ.’

ನನಗೆ ನಗು ಬಂತೆಂದರೆ ನಂಬುತ್ತೀರೋ ಇಲ್ಲವೋ. ನಗುತ್ತಲೇ ಅವರ ಮಂಚದ ಅಂಚಿನಲ್ಲಿ ಕೂತುಬಿಟ್ಟೆ. ‘ಮೇಷ್ಟ್ರೇ, ಅವನು ಬರೆಯುವಾಗ ನಾನು ಪಕ್ಕದಲ್ಲಿದ್ದೆ. ಉಂಬೆರೊನ ಏಣಿ ಅದು, ಎರಡು ಮೆಟ್ಟಿಲು ಮುರಿದಿತ್ತು, ನೀವು ಬರ್ತೀರಿ ಅಂತ ಸರಿಮಾಡಿಸಿದ್ದ. ಸೂರು ಅಂದ್ರೆ ಸೂರು. ತಗಡು. ಮಕ್ಕಳ ತಲೆ ಮೇಲೆ ಹಾಕೋದು.’

‘ಬೇರೆ ಏನೂ ಇರ್ಲಿಲ್ವಾ?’

‘ಬೇರೆ ಏನಿರತ್ತೆ?’

ಮಂಡಿಯ ಬಟ್ಟೆ ಆರಿ ತಣ್ಣಗಾಗಿ ಜಾರಿ ಬಿತ್ತು, ಅವರು ಎತ್ತಿಕೊಳ್ಳಲಿಲ್ಲ. ಕೊನೆಗೆ, ‘ಬರೀ ಸೂರಿನ ವಿಷಯಾನೇ?’ ಎಂದು ಇನ್ನೊಮ್ಮೆ ಕೇಳಿದರು, ಪಾಠ ಕೇಳಿಸಿಕೊಳ್ಳದ ಹುಡುಗ ಕೇಳಿದ ಹಾಗೆ. ನಾನು ಎದ್ದು ಬಂದೆ. ಅವರ ಮೇಲೆ ಕನಿಕರ ಹುಟ್ಟಿತೆಂದು ಹೇಳಲಾರೆ. ಅಣ್ಣನನ್ನು ದ್ವೇಷಕ್ಕೆ ಕೊಂದಿದ್ದರೆ ಅದಕ್ಕೊಂದು ತೂಕವಾದರೂ ಇರುತ್ತಿತ್ತು. ಒಂದು ಕಾಗದ ಓದಲು ಬಾರದೆ ಕೊಂದಿದ್ದರು, ಅದೂ ಊರಿಗೆಲ್ಲ ಓದು ಕಲಿಸಿದ ಮೇಷ್ಟ್ರು.

ಮರುದಿನ ನಾನು ಶಾಲೆಗೆ ಹೋದಾಗ ಅವರು ಆಗಲೇ ಏಣಿಯ ಮೇಲಿದ್ದರು. ಸೊಂಟಕ್ಕೆ ಹಗ್ಗ ಕಟ್ಟಿ ಉಂಬೆರೊ ಕೆಳಗಿನಿಂದ ಹಿಡಿದಿದ್ದ. ಅವತ್ತಿನಿಂದ ‘ನಾಡಿದ್ದು’ ಎನ್ನಲಿಲ್ಲ. ಊರಿನ ಗಂಡಸರು ಹೊಲ ಬಿಟ್ಟು ಬಂದರು, ಹೆಂಗಸರು ತಗಡು ಹೊತ್ತರು. ಪ್ರತಿ ತಗಡಿಗೂ ಮೊದಲ ಮೊಳೆ ಅವರದು, ಉಳಿದದ್ದು ಯಾರದಾದರೂ. ಐದನೆಯ ದಿನ ಅವರ ಮಂಡಿ ಮಡಿಸಲಾಗದ ಹಾಗಾಯಿತು. ಆಮೇಲೆ ಬುಟ್ಟಿಯಲ್ಲಿ ಕೂರಿಸಿ ರಾಟೆಯಿಂದ ಎಳೆದು ಏರಿಸಿದರು. ಅಧ್ಯಕ್ಷರು ಬುಟ್ಟಿಯಲ್ಲಿ ಏರುವುದನ್ನು ನೋಡಲು ಮಕ್ಕಳು ಪಾಠ ಬಿಟ್ಟು ಓಡುತ್ತಿದ್ದರು. ನಾನು ಬೈಯಲಿಲ್ಲ. ಅವರು ನನ್ನ ಜೊತೆ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಒಮ್ಮೆ ಮಾತ್ರ ಕೈ ಚಾಚಿ ‘ಮೊಳೆ’ ಎಂದರು. ಹತ್ತಿರ ಬೇರೆ ಯಾರೂ ಇರಲಿಲ್ಲ. ನಾನೇ ಕೊಟ್ಟೆ.

ಹತ್ತನೆಯ ದಿನ ಮಧ್ಯಾಹ್ನ ಕೊನೆಯ ತಗಡು ಕೂತಿತು. ಮಕ್ಕಳು ಒಳಗೆ ಹೋಗಿ ಮೇಲೆ ನೋಡಿದರು. ಕೋಣೆ ಇದ್ದಕ್ಕಿದ್ದಂತೆ ಕತ್ತಲಾದದ್ದಕ್ಕೆ ಒಂದೆರಡು ಚಿಕ್ಕವು ಅಳತೊಡಗಿದವು. ಸೂರಿರುವ ಶಾಲೆಯನ್ನು ಅವು ಕಂಡೇ ಇರಲಿಲ್ಲ. ಇಮಾನಿಯ ಕಾರು ಮಾವಿನಮರದ ಕೆಳಗೆ ಕಾಯುತ್ತಿತ್ತು. ಲುಪೆಂಬೆ ಕೈ ತೊಳೆದುಕೊಂಡು, ಉಂಬೆರೊ ಕೊಟ್ಟ ಗಂಜಿ ಕುಡಿದು, ಕಾರಿನ ಕಡೆ ನಡೆದರು. ಯಾರೂ ಅಡ್ಡ ನಿಲ್ಲಲಿಲ್ಲ, ಯಾರೂ ಚಪ್ಪಾಳೆಯನ್ನೂ ತಟ್ಟಲಿಲ್ಲ. ಒಬ್ಬ ಮುದುಕಿ ಬುತ್ತಿ ಕಟ್ಟಿಕೊಟ್ಟಳು. ದಾರಿ ದೂರ ಅಲ್ಲವೇ ಎಂದಳು.

ಎರಡು ವಾರದ ನಂತರ ನಾನು ಸಾಕ್ಷಿಗೆಂದು ರಾಜಧಾನಿಗೆ ಹೋದೆ. ದೊಡ್ಡ ಸಭಾಂಗಣ, ಮೇಲೆ ಫ್ಯಾನುಗಳು. ಸತ್ತವರ ಕಡೆಯವರು ಐದುನೂರು ಜನ ಬೆಂಚುಗಳ ಮೇಲೆ ಒತ್ತಾಗಿ ಕೂತಿದ್ದರು. ಒಂದೊಂದೇ ಹೆಸರು ಓದುತ್ತಿದ್ದರು. ಪ್ರತಿ ಹೆಸರಿಗೂ ಲುಪೆಂಬೆ ಕಣ್ಣು ಮುಚ್ಚಿ ಯೋಚಿಸಿ, ‘ನೆನಪಿಲ್ಲ’ ಎನ್ನುತ್ತಿದ್ದರು. ಸುಳ್ಳು ಹೇಳುತ್ತಿದ್ದಾರೆಂದು ಜನ ಕೂಗಿದರು. ನನಗೆ ಅದು ಸುಳ್ಳೆನಿಸಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ನೂರ ನಲವತ್ತನೆಯ ಹೆಸರು ಬಂದಾಗ ಕಣ್ಣು ತೆರೆದರು.

‘ಇವನು ನನಗೆ ಒಂದು ಕಾಗದ ಬರೆದಿದ್ದ. ಶಾಲೆಗೆ ಸೂರು ಹಾಕಿ ಅಂತ ಕೇಳಿದ್ದ. ನನಗೆ ಅರ್ಥ ಆಗ್ಲಿಲ್ಲ. ಹಿಡಿಸಿದೆ, ಹೊಡೆಸಿದೆ. ಚಳಿಗಾಲದಲ್ಲಿ ಕಲ್ಲಿನ ನೆಲದ ಮೇಲೆ ಸತ್ತ ಅಂತ ವರದಿ ಬಂತು. ಓದಿ ಸಹಿ ಮಾಡಿದೆ. ಅವನ ತಪ್ಪು ಏನೂ ಇರ್ಲಿಲ್ಲ’ ಎಂದರು. ಬರೆದುಕೊಳ್ಳುವವನು ತಲೆ ಎತ್ತಿ ನೋಡಿದ. ಅವರು ಇನ್ನೊಮ್ಮೆ ಹೇಳಿದರು, ನಿಧಾನವಾಗಿ, ಉಕ್ತಲೇಖನ ಕೊಡುವ ಹಾಗೆ.

ಆಮೇಲೆ ನೂರ ನಲವತ್ತೊಂದನೆಯ ಹೆಸರು. ‘ನೆನಪಿಲ್ಲ.’ ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಅದೇ ಹೆಸರಿನವನ ಹೆಂಡತಿ. ಅವಳು ನನ್ನ ಕಡೆ ತಿರುಗಿ ನೋಡಿದಳು. ಸ್ವಲ್ಪ ದೂರ ಸರಿದು ಕೂತಳು. ಇನ್ನೂರ ಹನ್ನೆರಡು ಜನರಲ್ಲಿ ಉತ್ತರ ಸಿಕ್ಕಿದ್ದು ನಮ್ಮ ಒಂದು ಮನೆಗೆ. ಹೊರಗೆ ಬರುವಾಗ ತಲೆ ಎತ್ತಿ ನಡೆಯಲು ನನಗೆ ಆಗಲಿಲ್ಲ. ಅವರಿಗೆ ಹದಿನಾಲ್ಕು ವರ್ಷ ಶಿಕ್ಷೆಯಾಯಿತು. ಎರಡನೆಯ ವರ್ಷವೇ ಜೈಲಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ನಮ್ಮ ಊರಿನಲ್ಲಿ ಅವರು ಅರ್ಧಕ್ಕೆ ಬಿಟ್ಟದ್ದು ಏನೂ ಇರಲಿಲ್ಲ. ಉಳಿದ ದೇಶದಲ್ಲಿ ಎಷ್ಟಿತ್ತೆಂದು ನಾನು ಹೇಳಲಾರೆ.

ನಾನು ಊರಿಗೆ ಮರಳಿದ ನಾಲ್ಕನೆಯ ದಿನ ಮಳೆ ಹಿಡಿಯಿತು. ತಗಡಿನ ಮೇಲೆ ಆ ಸದ್ದು ಎಷ್ಟು ಜೋರಿತ್ತೆಂದರೆ ನನ್ನ ಮಾತು ಎರಡನೆಯ ಸಾಲಿಗೂ ಕೇಳುತ್ತಿರಲಿಲ್ಲ. ಮಕ್ಕಳು ಬರೆಯುವುದನ್ನು ಬಿಟ್ಟು ಮೇಲೆ ನೋಡುತ್ತ ಕೂತಿದ್ದರು. ಅರ್ಧ ಗಂಟೆಯ ಮೇಲೆ ಮೂರನೆಯ ಕ್ಲಾಸಿನಲ್ಲಿ ಎರಡು ತಗಡು ಕೂಡುವ ಜಾಗದಿಂದ ಒಂದು ಹನಿ ಬಿತ್ತು. ಮತ್ತೊಂದು ಬಿತ್ತು. ಒಬ್ಬ ಹುಡುಗಿ ಸ್ಲೇಟು ಅಡ್ಡ ಹಿಡಿದು ನನ್ನನ್ನು ಕೂಗಿದಳು.

‘ಟೀಚರ್, ಸೋರ್ತಿದೆ! ಆ ಮೇಷ್ಟ್ರು ಮತ್ತೆ ಬರಬೇಕಾ?’

‘ಬೇಡ’ ಎಂದೆ. ಅವರ ಕೆಲಸ ಮುಗಿದಿತ್ತು. ಸೋರುವುದನ್ನು ಸರಿಮಾಡುವುದು ಹೊಸ ಕೆಲಸ, ಅದಕ್ಕೆ ಯಾರು ಬೇಕಾದರೂ ಕೈ ಹಾಕಬಹುದು. ಮಳೆ ನಿಂತಮೇಲೆ ಉಂಬೆರೊವಿನ ಕುಲುಮೆಯಲ್ಲಿ ಒಂದು ಡಬ್ಬಿ ಡಾಂಬರು ಕಾಯಿಸಿಕೊಂಡು ಬಂದು, ಸೀರೆಯಂತೆ ಸುತ್ತಿದ ಬಟ್ಟೆಯನ್ನು ಮೇಲೆ ಸಿಕ್ಕಿಸಿ, ನಾನು ಏಣಿ ಹತ್ತಿದೆ.